ಕಬ್ಬಿಣಕ್ಕೆ ವಾರಂಟಿ, ಸುಗ್ಗಿಗೆ?

ಸಿರುಗುಪ್ಪ ಸೀಮೆಯಲ್ಲಿ ಭತ್ತ ಕೊಯ್ಯಲು ಕುಡುಗೋಲು ಹಿಡಿವ ಕೈಗಳು ಸಿಗುವುದು ನಿಂತು ವರ್ಷಗಳಾದವು. ಕಾಲುವೆ ಕೆಳಗಿನ ಎರೆ ನೆಲ ಕೊಯ್ಲಿನ ಹೊತ್ತಿಗೂ ಪೂರ್ತಿ ಆರಿರುವುದಿಲ್ಲ. ಪಂಜಾಬಿನ ನಾಭಾ, ಭಾದ್ಸೋ ಕಡೆಯಿಂದ ಬರುವ ಟೈರಿನ ಮಷಿನ್ನುಗಳು ಅಂಥಲ್ಲಿ ಹೂತು ನಿಲ್ಲುತ್ತವೆ. ಅದಕ್ಕೇ ರಬ್ಬರ್ ಪಟ್ಟಿಯ ಮೇಲೆ ಓಡುವ ಕೊಯ್ಲು ಯಂತ್ರಕ್ಕೆ ಇಲ್ಲಿ ಬೇಡಿಕೆ. ಊರಿನವರ ಬಾಯಲ್ಲಿ ಅದು ಚೈನ್ ಮಷಿನ್. ಹೊಸದು ಇಪ್ಪತ್ತು ಲಕ್ಷ ದಾಟುತ್ತದೆ. ಹೀಗಾಗಿ ಎರಡು ಸೀಜನ್ ಬೇರೆಯವರ ಮಷಿನ್ನಿನಲ್ಲಿ ದುಡಿದ ಹುಡುಗ ಸ್ವಂತದ್ದು ಮಾಡಬೇಕೆಂದರೆ ಹಳೆಯದರ ಕಡೆಗೇ ನೋಡುತ್ತಾನೆ. ಈಗೀಗ ಹಳೆಯದನ್ನು ಮಾರುವ ಅಂಗಡಿಯವರು ಅದರ ಜೊತೆ ಇನ್ನೊಂದು ಕಾಗದವನ್ನೂ ಮುಂದಿಡುತ್ತಾರೆ: ಇಷ್ಟು ದುಡ್ಡು ಹೆಚ್ಚಿಗೆ ಕೊಡಿ, ಒಂದು ವರ್ಷ ವಾರಂಟಿ.

ಕೆಳಗೆ ಮಾತಾಡುವವರು ಇಬ್ಬರು. ಒಬ್ಬ ಸಿರುಗುಪ್ಪದ ಹುಡುಗ, ಡಿಪ್ಲೊಮಾ ಓದಿದವನು. ಇನ್ನೊಬ್ಬರು ಕುರುಗೋಡಿನ ಅವನ ಸೋದರಮಾವ, ಒಂದು ಕಾಲಕ್ಕೆ ಟಿಪ್ಪರ್ ಇಟ್ಟಿದ್ದವರು. ಮಾತು ನಡೆದದ್ದು ಮಾವನ ಮನೆಯ ಕಟ್ಟೆಯ ಮೇಲೆ.

ಅಳಿಯ: ಮಷಿನ್ ನೋಡಿ ಬಂದೆ ಮಾವ. ನಾಲ್ಕು ವರ್ಷದ್ದು. ಮೀಟರಿನಾಗೆ 1,900 ತಾಸು ತೋರಸ್ತೈತೆ. ಎಂಜಿನ್ ಒಂದೇ ಸೆಲ್ಫಿಗೆ ಎದ್ದಿತು.

ಮಾವ: ನೀನು ಹೋಗೋದಕ್ಕೆ ಮುಂಚೆ ಎಷ್ಟು ಸಲ ಎಬ್ಬಿಸಿದ್ರೋ ಏನೋ. ಸೈಲೆನ್ಸರ್ ಮುಟ್ಟಿ ನೋಡಿದೇನು?

ಅಳಿಯ: ಇಲ್ಲ.

ಮಾವ: ಬಿಸಿ ಎಂಜಿನ್ ಎಲ್ಲಾರ ಮುಂದೆನೂ ಮರ್ಯಾದಿಯಿಂದ ಏಳ್ತೈತೆ. ಹೇಳದೆ ಹೋಗಬೇಕು, ಇಲ್ಲಾ ಬೆಳಕು ಹರಿಯೋದ್ರಾಗೆ ಹೋಗಿ ನಿಂತಿರಬೇಕು. ಎದ್ದ ಮೇಲೆ ಆಯಿಲ್ ಹಾಕೋ ಮುಚ್ಚಳ ಬಿಚ್ಚು. ಅಲ್ಲಿಂದ ಹೊಗೆ ಬುಸುಬುಸು ಬಂತು ಅಂದ್ರೆ ಒಳಗೆ ರಿಂಗ್ ಸವೆದಾವೆ ಅಂತ.

ಅಳಿಯ: 1,900 ತಾಸಿಗೇ ರಿಂಗ್ ಹೋಗಲ್ಲ ಬಿಡ್ರಿ.

ಮಾವ: ಆ ಅಂಕಿನೇ ಎಲ್ಲಿಂದ ಬಂತು ಅಂತ ಕೇಳ್ತಾ ಇದೀನಿ. ಇಲ್ಲೇ ಇದ್ದ ಮಷಿನ್ ಅಂದ್ರೆ ವರ್ಷಕ್ಕೆ ಎರಡು ಸುಗ್ಗಿ, ಸುಗ್ಗಿಗೆ ಇನ್ನೂರು, ಇನ್ನೂರೈವತ್ತು ತಾಸು ಅಂತ ಹಿಡಿ. ಸರಿಹೋಗ್ತೈತೆ. ಆದರೆ 2023ರಾಗೆ ಬರ ಬಿತ್ತು. ರಾಜ್ಯದ 236 ತಾಲ್ಲೂಕಿನಾಗೆ 223 ಬರಪೀಡಿತ ಅಂತ ಸರ್ಕಾರನೇ ಹೇಳ್ತು. ಅಂಥ ವರ್ಷ ಮಷಿನ್ ಇಟ್ಟೋನು ಮನ್ಯಾಗೆ ಕುಂದ್ರತಾನೇನು? ಕಂತು ಕಟ್ಟಾಕೆ ಮಷಿನ್ನ ಲಾರಿ ಮೇಲೆ ಹಾಕ್ಕಂಡು ತಮಿಳುನಾಡಿಗೋ ತೆಲಂಗಾಣಕ್ಕೋ ಹೊಂಟು ಹೋಗ್ತಾನೆ. ಊರೂರು ತಿರುಗಿದ ಮಷಿನ್ ನಾಲ್ಕು ವರ್ಷಕ್ಕೆ 1,900ರಾಗೆ ನಿಲ್ಲಲ್ಲ. ಮೀಟರ್ ಬದಲಿ ಮಾಡೋದು ಎಷ್ಟು ಹೊತ್ತಿನ ಕೆಲಸ?

ಅಳಿಯ: ಹಂಗಾದ್ರೆ ಯಾವುದನ್ನ ನಂಬಬೇಕು?

ಮಾವ: ಮೀಟರಿಗೆ ಗೊತ್ತಿಲ್ಲದ ಜಾಗ ನೋಡು. ಪೆಡಲ್ ಮೇಲಿನ ರಬ್ಬರು, ಲಿವರಿನ ಹಿಡಿ, ಸೀಟು. ಕೆಳಗೆ ಪಟ್ಟಿಯ ಗಂಟುಗಳು ಎಷ್ಟು ಉಳಿದಾವೆ, ರಬ್ಬರ್ ಸೀಳಿ ಒಳಗಿನ ತಂತಿ ಕಾಣ್ತೈತೋ ಹೆಂಗೆ. ಹಲ್ಲಿನ ಗಾಲಿ ಚೂಪಾಗಿದ್ರೆ ಅದು ಬಹಳ ಹೊಲ ಕಂಡೈತೆ. ಆಮೇಲೆ ಕಾಳು ಮೇಲಕ್ಕೆ ತಳ್ಳೋ ಸ್ಕ್ರೂ ಐತಲ್ಲ, ಅದರ ಅಂಚಿಗೆ ಬೆರಳು ಆಡಿಸು. ಹುಷಾರು, ಕೊಯ್ದೀತು.

ಈ ಕೊನೆಯ ಮಾತು ತಿಳಿದವರ ಮಾತು. ಭತ್ತದ ಹೊಟ್ಟು, ಹುಲ್ಲಿನಲ್ಲಿ ಸಿಲಿಕಾ ತುಂಬಿರುತ್ತದೆ. ಕಾಳು ಉಜ್ಜುತ್ತ ಉಜ್ಜುತ್ತ ದಪ್ಪ ತಗಡನ್ನೂ ತೆಳುವಾಗಿಸಿ, ಸ್ಕ್ರೂವಿನ ಅಂಚನ್ನು ಕತ್ತಿಯಂತೆ ಮಸೆದುಬಿಡುತ್ತದೆ. ಬಣ್ಣ ಹೊಡೆದು ಹೊಸದರಂತೆ ನಿಲ್ಲಿಸಿದ ಯಂತ್ರದಲ್ಲೂ ಈ ಅಂಚಿಗೆ ಯಾರೂ ಬಣ್ಣ ಹಚ್ಚಲಾರರು; ಹಚ್ಚಿದರೂ ಒಂದು ಹೊಲಕ್ಕೆ ಹೋಗುತ್ತದೆ.

ಅಳಿಯ: ಇಷ್ಟೆಲ್ಲಾ ಅನುಮಾನ ಇಟ್ಕಂಡು ಯಾರಾದ್ರೂ ಮಷಿನ್ ತಗಂತಾರಾ ಮಾವ? ಅದಕ್ಕೇ ಅಲ್ವಾ ವಾರಂಟಿ ಅನ್ನೋದು. 65,000 ಕೊಟ್ರೆ ಒಂದು ವರ್ಷ, ಇಲ್ಲಾ 500 ತಾಸು, ಯಾವುದು ಮೊದಲಾಗ್ತೈತೋ ಅಲ್ಲಿವರೆಗೆ ಎಂಜಿನ್, ಗೇರ್ ಬಾಕ್ಸ್, ಎಣ್ಣೆ ಒತ್ತಡದ ಮೇಲೆ ಮಷಿನ್ ಓಡಿಸೋ ಎಚ್‌ಎಸ್‌ಟಿ ಅವರ ಜವಾಬ್ದಾರಿ. ನಿಮಗೆ ಕಾಣದೇ ಇರೋ ರೋಗ ಇದ್ರೆ ಅವರು ನೋಡ್ಕಂತಾರೆ.

ಮಾವ: ಎರಡು ಸುಗ್ಗಿ ದುಡಿದ್ಯಲ್ಲ, ಮಷಿನ್ ಎಷ್ಟು ಸಲ ನಿಂತಿತ್ತು? ಯಾತಕ್ಕೆ ನಿಂತಿತ್ತು?

ಅಳಿಯ: ಬೆಲ್ಟ್ ಹರಿದಿತ್ತು. ಬ್ಲೇಡಿಗೆ ಕಲ್ಲು ಸಿಕ್ಕಿತ್ತು. ಬೇರಿಂಗ್ ಜಾಮ್ ಆಗಿತ್ತು. ಡ್ರಮ್ಮಿನ ಹಲ್ಲು ಮುರಿದು ಒಳಗೇ ತಿರುಗಿ ಜಾಲರಿ ಬಗ್ಗಿತ್ತು. ಒಂದು ಸಲ ಪಟ್ಟಿ ಕಳಚಿಕಂತು.

ಮಾವ: ಈಗ ಆ ಕಾಗದ ಓದು. ಯಾವುದಕ್ಕೆ ವಾರಂಟಿ ಇಲ್ಲ ಅಂತ ಬರದಾರೆ?

ಅಳಿಯ: (ಓದಿ) ಬೆಲ್ಟು, ಬ್ಲೇಡು, ಬೇರಿಂಗು, ಡ್ರಮ್ಮಿನ ಹಲ್ಲು, ಜಾಲರಿ, ಪಟ್ಟಿ, ಹೋಸ್ ಪೈಪು, ಸೀಲು, ಫಿಲ್ಟರು...

ಮಾವ: ನಿಲ್ಲೋವೆಲ್ಲಾ ಹೊರಗೆ. ನಿಲ್ಲದೇ ಇರೋವು ಒಳಗೆ.

ಅಳಿಯ: ಅದು ಅಷ್ಟು ಸಲೀಸಿಲ್ಲ. ಬೆಲ್ಟು ಹರಿದ್ರೆ ನಾನೇ ಹಾಕ್ತೀನಿ, ಸಾವಿರದ ಲೆಕ್ಕ. ಎಚ್‌ಎಸ್‌ಟಿ ಪಂಪು ಹೋತು ಅಂದ್ರೆ ಲಕ್ಷದ ಲೆಕ್ಕ. ಇಡೀ ಮಷಿನ್ ಮುಂದಕ್ಕೆ ಹೋಗೋದು ಅದರ ಎಣ್ಣೆ ಒತ್ತಡದ ಮೇಲೆ. ಸಣ್ಣ ಖರ್ಚು ನನ್ನ ಕೈಲಿ ಆಗ್ತೈತೆ ಮಾವ, ದೊಡ್ಡದು ಬಂದ್ರೆ ಮೊದಲನೇ ವರ್ಷನೇ ಮಕಾಡೆ ಮಲಗ್ತೀನಿ. ದೊಡ್ಡದಕ್ಕೆ ತಾನೇ ರಕ್ಷಣೆ ಬೇಕಾಗಿದ್ದು?

ಮಾವ: ಆ ಮಾತು ಒಪ್ಪಿದೆ. ಆದರೆ ಎಚ್‌ಎಸ್‌ಟಿ ಹೋಗೋದು ಒಂದೇ ದಿನಕ್ಕಲ್ಲ. ಬೆಳಗ್ಗೆ ಎಣ್ಣೆ ತಣ್ಣಗಿದ್ದಾಗ ಜಗ್ಗತೈತೆ. ಎರಡು ತಾಸು ಕೊಯ್ದ ಮೇಲೆ ಎಣ್ಣೆ ಬಿಸಿಯಾಗಿ ತೆಳ್ಳಗಾಗ್ತೈತೆ, ಒಳಗೆ ಸವೆದಿದ್ರೆ ಬದುವು ಹತ್ತಾಕೆ ಆಗಲ್ಲ, ಕುಂಯ್ ಅಂತ ಕೂಗತೈತೆ. ಅದಕ್ಕೇ ಅಂಗಡಿ ಅಂಗಳದಾಗೆ ಹತ್ತು ನಿಮಿಷ ಓಡಿಸಿದ್ರೆ ನಡಿಯಲ್ಲ. ಹೊಲಕ್ಕಿಳಿಸಿ ಎರಡು ತಾಸು ಕೊಯ್ಯಬೇಕು. ಹಿಂದೆ ಬಿದ್ದ ಹುಲ್ಲು ಎತ್ತಿ ಕಾಳು ಎಷ್ಟು ಹೋಗೈತೆ ನೋಡಬೇಕು. ಆಮೇಲೆ ಏರು ಹತ್ತಿಸಬೇಕು. ಅಷ್ಟು ಮಾಡಿದೋನಿಗೆ ವಾರಂಟಿ ಬೇಕಾಗಿಲ್ಲ. ಮಾಡದೋನಿಗೆ ವಾರಂಟಿ ಉಪಯೋಗ ಇಲ್ಲ.

ಅಳಿಯ: ಯಾಕೆ ಉಪಯೋಗ ಇಲ್ಲ?

ಮಾವ: ಇನ್ನೂ ಕೆಳಗೆ ಓದು. ‘ಖರೀದಿಗೆ ಮುಂಚೆಯೇ ಇದ್ದ ದೋಷಗಳಿಗೆ ಅನ್ವಯಿಸುವುದಿಲ್ಲ’ ಅಂತ ಇರಲೇಬೇಕು.

ಅಳಿಯ: (ಸ್ವಲ್ಪ ಹೊತ್ತು ಓದಿ) ಐತೆ.

ಮಾವ: ಹಳೇ ಮಷಿನ್ನಿನಾಗೆ ಯಾವ ದೋಷ ಮುಂಚೆ ಇರಲಿಲ್ಲ ಅಂತ ಸಾಬೀತು ಮಾಡ್ತಿ? ಇನ್ನೊಂದು ಕಡೆ ಮಾರಾಟದ ಕರಾರಿನಾಗೆ ‘ಇದ್ದ ಸ್ಥಿತಿಯಲ್ಲೇ ನೋಡಿ ಒಪ್ಪಿ ಕೊಂಡಿದ್ದೇನೆ’ ಅಂತ ನಿನ್ನ ಕೈಲೇ ಸೈ ಮಾಡಿಸ್ಕಂತಾರೆ. ಎರಡು ಕಾಗದನೂ ಒಂದೇ ಮೇಜಿನ ಮೇಲೆ.

ಇಲ್ಲಿ ಹುಡುಗ ಸೋತ ಅಂದುಕೊಂಡೆ. ಇಲ್ಲ. ಅವನು ತಯಾರಾಗಿಯೇ ಬಂದಿದ್ದ.

ಅಳಿಯ: ಅದಕ್ಕೂ ದಾರಿ ಐತೆ. ಮಾರೋ ದಿನ ಅವರ ಮೆಕ್ಯಾನಿಕ್ಕೇ ಪರೀಕ್ಷೆ ಮಾಡಿ ರಿಪೋರ್ಟ್ ಬರೆದು ಸೈ ಹಾಕ್ಲಿ: ಎಂಜಿನ್ ಸರಿ, ಎಚ್‌ಎಸ್‌ಟಿ ಸರಿ, ಮೀಟರಿನಾಗೆ ಇಷ್ಟು ತಾಸು. ನೀವು ಹೇಳಿದ ಎರಡು ತಾಸಿನ ಕೊಯ್ಲು ಆದ ಮೇಲೇ ಬರೀಲಿ. ಅವರ ಸೈ ಇದ್ದ ಮೇಲೆ ‘ಮುಂಚೆನೇ ಇತ್ತು’ ಅಂತ ಹೆಂಗೆ ಅಂತಾರೆ? ಆ ಕಾಗದದ ಬೆಲೆ ವಾರಂಟಿಗಿಂತ ಹೆಚ್ಚು, ಒಪ್ತೀನಿ. ಆದರೆ ವಾರಂಟಿ ತಗಳದೇ ಹೋದ್ರೆ ಅವರು ಅಂಥ ರಿಪೋರ್ಟು ಯಾಕೆ ಬರೆದುಕೊಡ್ತಾರೆ?

ಮಾವ: ಹೂಂ. ಅದು ಪಾಯಿಂಟು.

ಅಳಿಯ: ಇನ್ಶೂರೆನ್ಸ್ ಐತಲ್ಲ ಅಂತ ನಮ್ಮ ಅಪ್ಪ ಹೇಳಿದ್ರು. ಇನ್ಶೂರೆನ್ಸಿನೋರು ಅಪಘಾತ, ಬೆಂಕಿ, ಕಳವಿಗೆ ಕೊಡ್ತಾರೆ. ತಾನಾಗೇ ಕೆಟ್ಟಿದ್ದಕ್ಕೆ, ಸವೆದಿದ್ದಕ್ಕೆ ಕೊಡಲ್ಲ. ಹಂಗಾಗಿ ಆ ತೂತು ಮುಚ್ಚಾಕೆ ವಾರಂಟಿ ಬಿಟ್ರೆ ಬೇರೇನಿಲ್ಲ.

ಮಾವ: ಬ್ಯಾಂಕಿನಾಗೆ ಇಟ್ಟ ದುಡ್ಡು ಐತಲ್ಲ. ಆ 65,000 ಬೇರೆ ಖಾತೆಗೆ ಹಾಕು, ಮುಟ್ಟಬೇಡ. ಏನೂ ಕೆಡಲಿಲ್ಲ ಅಂದ್ರೆ ದುಡ್ಡು ನಿನ್ನದೇ.

ಅಳಿಯ: ಮಾವ, ತಂಗಿ ಮದುವೆ ಐತೆ ಮನ್ಯಾಗೆ. ಮುಟ್ಟಬೇಡ ಅಂದ ದುಡ್ಡು ಯಾರ ಮನ್ಯಾಗೆ ಉಳಿದೈತೆ ಹೇಳ್ರಿ?

ಮಾವ: (ನಕ್ಕು) ನಿಮ್ಮ ಮನ್ಯಾಗಂತೂ ಇಲ್ಲ.

ಅಳಿಯ: ಮತ್ತೆ ಲಕ್ಷದ ರಿಪೇರಿಗೆ 65,000 ಪೂರ್ತಿ ಸಾಲದು. ನೀವು ಹೇಳೋದು ನಾಲ್ಕು ಮಷಿನ್ ಇಟ್ಟೋನಿಗೆ ಸರಿ. ಒಂದು ಕೆಟ್ರೆ ಮೂರು ದುಡೀತಾವೆ. ನನಗೆ ಇರೋದು ಒಂದೇ.

ಮಾವನ ಬಳಿ ಇದಕ್ಕೆ ನೇರ ಉತ್ತರ ಇರಲಿಲ್ಲ. ಅವರು ಸಂಡೂರಿನ ಗುಡ್ಡಕ್ಕೆ ಹೋದರು, ಬಳ್ಳಾರಿ ಜಿಲ್ಲೆಯ ಅವರ ವಯಸ್ಸಿನ ಎಷ್ಟೋ ಜನ ಹೋಗುವ ಹಾಗೆ.

ಮಾವ: ನನಗೂ ಇದ್ದದ್ದು ಒಂದೇ ಟಿಪ್ಪರು. ಕಂಪನಿ ವಾರಂಟಿ, ಅದರ ಮೇಲೆ ದುಡ್ಡು ಕಟ್ಟಿ ಇನ್ನೂ ಒಂದು ವರ್ಷ ಜಾಸ್ತಿ. ಅದಿರು ಹೊಡೀತಿದ್ದೆ. 2011 ಜುಲೈನಾಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದಾಗಿ ಎರಡು ದಿನಕ್ಕೆ, 29ನೇ ತಾರೀಕು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆ ಗಣಿಗಾರಿಕೆ ನಿಲ್ಲಿಸು ಅಂತು. ತಪ್ಪೇನಿಲ್ಲ, ಆಗ ನಡೀತಿದ್ದುದು ಹಂಗೇ ಇತ್ತು. ಆದರೆ ನನ್ನ ಗಾಡಿ ನಿಂತಿತಲ್ಲ. ಎಂಜಿನ್ ಚೊಲೋ ಇತ್ತು, ಗೇರು ಚೊಲೋ ಇತ್ತು, ವಾರಂಟಿನೂ ಇತ್ತು. ಲೋಡು ಇರಲಿಲ್ಲ. ಕಂತು ಕಟ್ಟಲಿಲ್ಲ ಅಂತ ಫೈನಾನ್ಸಿನೋರು ಬಂದು ಎಳ್ಕಂಡು ಹೋದ್ರು. ವಾರಂಟಿ ಮುಗಿಯಾಕೆ ಇನ್ನೂ ತಿಂಗಳುಗಟ್ಟಲೆ ಬಾಕಿ ಇತ್ತು.

ಅಳಿಯ: ಗಣಿ ಬೇರೆ, ನೆಲ್ಲು ಬೇರೆ. ನೆಲ್ಲು ಬೆಳೆಯೋದನ್ನ ಯಾವ ಕೋರ್ಟೂ ನಿಲ್ಲಿಸಲ್ಲ.

ಮಾವ: ಕೋರ್ಟು ನಿಲ್ಲಿಸಲ್ಲ. ಡ್ಯಾಮು? 2024 ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಹರ್ಕಂಡು ಹೋತು. ತುಂಬಿದ ಡ್ಯಾಮು, ನಮ್ಮ ಕಣ್ಣೆದುರಿಗೇ ನೀರು ಹರಿದು ಹೋತು. ಅದಕ್ಕೆ ಸ್ಟಾಪ್ ಲಾಗ್ ಇಳಿಸಿ ನಿಲ್ಲಿಸಿದ್ರು ಅನ್ನು. ಆಮೇಲೆ 33 ಗೇಟೂ ಹಳೇವು, ಎಲ್ಲಾ ಬದಲಿ ಮಾಡಬೇಕು ಅಂತ ಬಂತು. ಗೇಟಿನ ಕೆಲಸಕ್ಕೆ ಡ್ಯಾಮು ಖಾಲಿ ಇರಬೇಕು ಅಂತ 2025ರ ಮುಂಗಾರು ಬೆಳೆ ಆದ ಮೇಲೆ ಎರಡನೇ ಬೆಳೆಗೆ ನೀರಿಲ್ಲ ಅಂದ್ರು. ಎರಡನೇ ಬೆಳೆ ಇಲ್ಲ ಅಂದ್ರೆ ನಿನ್ನ ವರ್ಷದ ಅರ್ಧ ದುಡಿಮೆ ಇಲ್ಲ. ಕಂತು ಮಾತ್ರ ಹನ್ನೆರಡು ತಿಂಗಳು.

ಅಳಿಯ: ಅದಕ್ಕೇ ಹಳೇದು ತಗಂತಾ ಇರೋದು. ಕಂತು ಕಮ್ಮಿ.

ಮಾವ: ಕಮ್ಮಿ ಕಂತು ಅಂದ್ರೆ ಕಮ್ಮಿ ರೇಟು ಆಗಬೇಕು. ಅದನ್ನೇ ನೋಡಿಲ್ಲ ನೀನು. ಕೊಯ್ಲು ಮಷಿನ್ನಿನ ಜಿಎಸ್‌ಟಿ 12 ಇದ್ದದ್ದು 2025 ಸೆಪ್ಟೆಂಬರ್ 22ರಿಂದ 5 ಆತು. ಹೊಸದೇ ಲಕ್ಷದ ಮೇಲೆ ಇಳೀತು. ನಿನಗೆ ಮಾರೋನು ಹಳೇ ಬಿಲ್ಲು ತೋರಿಸಿ, ಅದರ ಮೇಲೆ ಲೆಕ್ಕ ಹಾಕಿ ರೇಟು ಹೇಳ್ತಾನೆ. ಇವತ್ತಿನ ಹೊಸ ರೇಟು ಹಿಡಿದು ಅಲ್ಲಿಂದ ಕೆಳಗಿಳಿ. ಎರಡನೇ ಬೆಳೆ ಇಲ್ಲದ ವರ್ಷ ಮಷಿನ್ ಮಾರೋರು ಜಾಸ್ತಿ, ಕೊಳ್ಳೋರು ಕಮ್ಮಿ. ವಾರಂಟಿಗೆ ಕೊಡೋ ದುಡ್ಡಿನಷ್ಟು ಚೌಕಾಸಿಯಾಗೇ ಸಿಗ್ತೈತೆ.

ಅಳಿಯ: ಇದು ನನಗೆ ಹೊಳೆದಿರಲಿಲ್ಲ.

ಮಾವ: ಕಾಗದ ಏನೇನು ಕೊಡ್ತಾರೆ?

ಅಳಿಯ: ಮೊದಲನೇ ಮಾಲೀಕನ ಬಿಲ್ಲು ಐತೆ. ಸಾಲ ತೀರೈತೆ ಅಂತ ಬಾಯಾಗೆ ಹೇಳ್ತಾರೆ.

ಮಾವ: ಬಾಯಿ ಮಾತು ಬ್ಯಾಡ. ಫೈನಾನ್ಸಿನೋರ ಎನ್‌ಒಸಿ ಕೈಗೆ ಬರಬೇಕು. ಆರ್‌ಸಿ ಮಾಡಿಸಿದ್ರೆ ಅದರ ಮೇಲಿನ ಸಾಲದ ಎಚ್‌ಪಿ ತೆಗೆಸಾಕೆ ಫಾರಂ 35, ಹೆಸರು ಬದಲಿಗೆ 29, 30. ಚಾಸಿ ನಂಬರು, ಎಂಜಿನ್ ನಂಬರು ಬಿಲ್ಲಿನ ಜೊತೆ ತಾಳೆ ನೋಡು. ಸಬ್ಸಿಡಿಯಾಗೆ ತಗಂಡ ಮಷಿನ್ ಆಗಿದ್ರೆ, ಇಷ್ಟು ವರ್ಷ ಮಾರಲ್ಲ ಅಂತ ಮುಚ್ಚಳಿಕೆ ಬರಕೊಟ್ಟಾರೇನು ಅಂತ ಕೃಷಿ ಇಲಾಖೆ ಆಫೀಸಿನಾಗೆ ವಿಚಾರಿಸು. ಇವೆಲ್ಲಾ ಆಗದೆ ಅಡ್ವಾನ್ಸ್ ಕೊಟ್ಟೀಯ ಮತ್ತೆ.

ಅಳಿಯ: ನಾಳೆ ವಾರಂಟಿ ಇದ್ದೂ ಅವರು ರಿಪೇರಿ ಮಾಡಿಕೊಡಲಿಲ್ಲ ಅಂದ್ರೆ ಬಳ್ಳಾರಿಯಾಗೆ ಗ್ರಾಹಕರ ಆಯೋಗ ಐತೆ. ವಕೀಲರು ಬೇಕು ಅಂತಾನೂ ಇಲ್ಲ. ಎರಡು ವರ್ಷದೊಳಗೆ ದೂರು ಹಾಕಬೇಕು, ಅಷ್ಟೆ. ನೀವು ಬ್ಯಾಂಕಿನಾಗೆ ಇಟ್ಟ 65,000ದ ಮೇಲೆ ಯಾರ ಹತ್ರ ದೂರು ಹಾಕ್ತೀರಿ?

ಮಾವ: ದುಡಿಮೆಗೆ ಅಂತ ತಗಂಡ ಮಷಿನ್ನಿಗೆ ಗ್ರಾಹಕರ ಕಾಯ್ದೆ ಹತ್ತಲ್ಲ. ಅದು ಮನೆಗೆ ಮಿಕ್ಸಿ, ಫ್ರಿಜ್ ತಗಂಡೋರಿಗೆ.

ಅಳಿಯ: ಹತ್ತತೈತೆ ಮಾವ, ನಾನೇ ಓಡಿಸಿದ್ರೆ.

ಈ ‘ನಾನೇ ಓಡಿಸಿದ್ರೆ’ ಎಂಬುದರ ಹಿಂದೆ ಒಂದು ತೀರ್ಪಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಹೊರಗಿಡುತ್ತದೆ ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸಿದರೆ ಅದು ವಾಣಿಜ್ಯವಲ್ಲ ಎನ್ನುತ್ತದೆ. ಹಿಂದಿನ ಕಾಯ್ದೆಯಲ್ಲೂ ಇದೇ ಮಾತಿತ್ತು. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಆಟೊ ಕೊಂಡು ತಾನೇ ಓಡಿಸುವವನು ಗ್ರಾಹಕ, ಯಂತ್ರ ಕೊಂಡು ತಾನೇ ನಡೆಸುವವನೂ ಗ್ರಾಹಕ. ನೆರವಿಗೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಪೂರ್ತಿ ಬೇರೆಯವರ ಕೈಗೆ ಕೊಟ್ಟು ನಡೆಸುವವನು ಮಾತ್ರ ಗ್ರಾಹಕನಲ್ಲ. ಅಲ್ಲಿಗೆ ವಾರಂಟಿಯ ಕಾಗದಕ್ಕೆ ಬಲ ಬರುವುದು ಸೀಟಿನ ಮೇಲೆ ಯಾರು ಕೂತಿದ್ದಾರೆ ಎಂಬುದರಿಂದ. ಮಾವ ಅದನ್ನು ತಕ್ಷಣ ಹಿಡಿದರು.

ಮಾವ: ಹಂಗಾದ್ರೆ ಆಪರೇಟರ್ ಇಟ್ಟು, ನೀನು ಬೈಕಿನ ಮೇಲೆ ಬಾಡಿಗೆ ವಸೂಲಿಗೆ ತಿರುಗೋದು ಇಲ್ಲ.

ಅಳಿಯ: ಇಲ್ಲ. ನಾನೇ ಕುಂದ್ರತೀನಿ.

ಮಾವ: ರಾತ್ರಿ ಪಾಳಿ?

ಅಳಿಯ: ಅದಕ್ಕೆ ಒಬ್ಬ ಹುಡುಗ ಬೇಕಾಗ್ತಾನೆ. ಒಬ್ಬಿಬ್ಬರು ನಡಿತೈತೆ ಅಂದಾರಲ್ಲ.

ಮಾವ: ನೆರವಿಗೆ ಅಂದಾರೆ. ಬಳ್ಳಾರಿಗೆ ತಾರೀಕಿಗೆ ಅಂತ ಓಡಾಡೋವಾಗ ಮಷಿನ್ ಯಾರು ನಡೆಸ್ತಿದ್ರು ಅಂತ ಅವರ ವಕೀಲ ಕೇಳದೇ ಇರ್ತಾನಾ? ಹೋಗ್ಲಿ, ಗೆದ್ದೆ ಅಂತಾನೇ ಹಿಡಿ. ಗೆಲ್ಲೋದ್ರಾಗೆ ಎರಡು ಸುಗ್ಗಿ ಹೋಗಿರ್ತಾವೆ. ಸುಮ್ಮನೆ ಲೆಕ್ಕಕ್ಕೆ ಅಂತ ತಾಸಿಗೆ 2,500 ಬಾಡಿಗೆ ಹಾಕು, ದಿನಕ್ಕೆ ಎಂಟು ತಾಸು. 20,000. ಎಚ್‌ಎಸ್‌ಟಿ ಕೆಟ್ಟು ಪಾರ್ಟ್ ಬರೋತನಕ ಆರು ದಿನ ನಿಂತಿತು ಅಂದ್ರೆ 1,20,000 ಹೋತು. ಪಂಪನ್ನ ಅವರು ಬಿಟ್ಟಿ ಕೊಡ್ತಾರೆ ಅಂತಾನೇ ಇಟ್ಕ. ಆ ಆರು ದಿನ ಯಾರು ಕೊಡ್ತಾರೆ? ‘ದುಡಿಮೆ ನಷ್ಟಕ್ಕೆ ಜವಾಬ್ದಾರರಲ್ಲ’ ಅಂತ ಬರೆದಿರ್ತಾರೆ, ನೋಡು.

ಅಳಿಯ: ಬರದಾರೆ. ನೋಡಿದೀನಿ.

ಮಾವ: ಸುಗ್ಗಿಯಾಗೆ ಮಷಿನ್ ನಿಂತ್ರೆ ರೈತ ಕಾಯಲ್ಲ. ನೆಲ್ಲು ಬಗ್ಗೈತೆ, ಮೋಡ ಕಟ್ಟೈತೆ, ಮೊದಲು ಬಂದ ಮಷಿನ್ನಿಗೆ ಹೊಲ ಕೊಡ್ತಾನೆ. ಮುಂದಿನ ವರ್ಷನೂ ಆ ಮಷಿನ್ನಿಗೇ ಫೋನ್ ಮಾಡ್ತಾನೆ. ಅದಕ್ಕೇ ನಾನು ಹೇಳೋದು, ಕಂಪನಿ ಯಾವುದು, ಎಷ್ಟು ಹಳೇದು ಅನ್ನೋದಕ್ಕಿಂತ ಸಿರುಗುಪ್ಪದಾಗೆ ಯಾವ ಮಷಿನ್ ಜಾಸ್ತಿ ಅದಾವೆ ನೋಡು. ಜಾಸ್ತಿ ಇರೋ ಮಷಿನ್ನಿನ ಬೆಲ್ಟು ಊರಾಗೇ ಸಿಗ್ತೈತೆ, ಅದನ್ನ ಕಣ್ಣು ಮುಚ್ಕಂಡು ಬಿಚ್ಚೋ ಮೇಸ್ತ್ರಿ ಇರ್ತಾನೆ. ನಿನ್ನ ವಾರಂಟಿ ಆ ಮೇಸ್ತ್ರಿ. ಹಬ್ಬಕ್ಕೆ ಅವನ ಮನೆಗೆ ಹೋಗಿ ಬಾ.

ಅಳಿಯ: ಆ ಮೇಸ್ತ್ರಿ ಕೈ ಹಾಕಿದ್ರೆ ಈ ವಾರಂಟಿ ರದ್ದು.

ಮಾವ: ಏನಂದಿ?

ಅಳಿಯ: ಹೊರಗಿನ ಮೆಕ್ಯಾನಿಕ್ ಎಂಜಿನ್, ಹೈಡ್ರಾಲಿಕ್ ಬಿಚ್ಚಿದ್ರೆ ವಾರಂಟಿ ರದ್ದು ಅಂತ ಐತೆ. ಸರ್ವಿಸ್ ಎಲ್ಲಾ ಬಳ್ಳಾರಿ ವರ್ಕ್‌ಶಾಪಿನಾಗೇ ಆಗಬೇಕು, ಅವರದೇ ಎಣ್ಣೆ, ಬಿಲ್ಲು ಇಟ್ಟಿರಬೇಕು. ಇದೊಂದೇ ನನಗೂ ಒಳಗೊಳಗೇ ಕೊರೀತಿರೋದು.

ಮಾವ: ಇದನ್ನ ಕೊನೇಗೆ ಹೇಳ್ತಿಯಲ್ಲೋ!

ಮಾವನ ಸಿಟ್ಟಿಗೆ ಅರ್ಥವಿದೆ. ಚೈನ್ ಮಷಿನ್ನು ಡಾಂಬರು ರಸ್ತೆಯಲ್ಲಿ ದೂರ ಓಡುವಂತಿಲ್ಲ, ಪಟ್ಟಿ ಹಾಳಾಗುತ್ತದೆ. ಸಿರುಗುಪ್ಪದಿಂದ ಬಳ್ಳಾರಿ ಐವತ್ತು ಕಿಲೋಮೀಟರಿನ ಮೇಲೆ. ಪ್ರತಿ ಸರ್ವಿಸಿಗೂ ಲಾರಿ ಹತ್ತಿಸಿ ಒಯ್ಯುವುದಾದರೆ ಆ ಬಾಡಿಗೆ ವಾರಂಟಿಯ ದುಡ್ಡನ್ನು ಒಂದೇ ವರ್ಷದಲ್ಲಿ ನುಂಗಿ ಹಾಕುತ್ತದೆ. ಆದರೆ ಹುಡುಗನ ಕಡೆಗೂ ನೋಡಬೇಕು: ಬರೆದಿಟ್ಟ ಬಿಲ್ಲುಗಳಿರುವ ಮಷಿನ್ನನ್ನು ಮೂರು ವರ್ಷ ಬಿಟ್ಟು ಮಾರಿದರೆ ಹೆಚ್ಚಿಗೆ ಬರುವ ದುಡ್ಡೂ ಲೆಕ್ಕದಲ್ಲಿರಬೇಕು. ಮೇಸ್ತ್ರಿಯ ಕೈಚಳಕಕ್ಕೆ ರಸೀದಿ ಇರುವುದಿಲ್ಲ.

ಅಳಿಯ: ಒಂದು ಸಾಲು ಸೇರಿಸ್ತೀರಾ ಅಂತ ಕೇಳ್ತೀನಿ. ‘ಸುಗ್ಗಿಯ ದಿನಗಳಲ್ಲಿ ದೂರು ಬಂದ 24 ತಾಸಿನೊಳಗೆ ಮೆಕ್ಯಾನಿಕ್ ಹೊಲಕ್ಕೇ ಬರುವುದು.’ ಸೇರಿಸಿದ್ರೆ 65,000 ಕೊಡ್ತೀನಿ.

ಅಲ್ಲೇ ಕೂತು ಫೋನ್ ಮಾಡಿದ. ಆ ಕಡೆಯವರು ಬಹಳ ಹೊತ್ತು ಮಾತಾಡಿದರು, ಹುಡುಗ ‘ಹೂಂ ಸಾರ್, ಹೂಂ ಸಾರ್’ ಅನ್ನುತ್ತಿದ್ದ.

ಮಾವ: ಏನಂತಾರೆ?

ಅಳಿಯ: ಖಂಡಿತ ಬರ್ತೀವಿ, ಆದರೆ ಕಾಗದದಾಗೆ ಬರೆಯಾಕೆ ಆಗಲ್ಲ ಅಂತಾರೆ. ಬೇಕಾದ್ರೆ ವಾರಂಟಿಯಾಗೆ 15,000 ಬಿಡ್ತಾರಂತೆ.

ಮಾವ: ಕೇಳದೇ 15,000 ಬಿಟ್ರು ಅಂದ್ರೆ ಅದರ ನಿಜವಾದ ಬೆಲೆ ಇನ್ನೂ ಕೆಳಗೈತೆ. ವಾರಂಟಿ ಬ್ಯಾಡ, ಆ ದುಡ್ಡು ಮಷಿನ್ ರೇಟಿನಾಗೆ ಇಳಿಸು ಅನ್ನು.

ಅಳಿಯ: 50,000ಕ್ಕೆ ಎಂಜಿನ್ನು, ಎಚ್‌ಎಸ್‌ಟಿ ಎರಡೂ ಅಂದ್ರೆ ನನಗೆ ಈಗ ಇನ್ನೂ ಚೊಲೋ ಅನ್ನಿಸ್ತೈತೆ ಮಾವ.

ಮಾವ: ನಿನಗೆ ಅನ್ನಿಸ್ತೈತೆ. ನಾಡಿದ್ದು ಬೆಳಗಿನ ಜಾವ ನಾನೂ ಬರ್ತೀನಿ, ಹೇಳಬೇಡ ಅವರಿಗೆ. ಮತ್ತೆ ಒಂದು ಕೇಳೋದು ಬಿಟ್ಟಿಯಲ್ಲ, ಬಳ್ಳಾರಿಗೆ ಒಯ್ಯೋ ಲಾರಿ ಬಾಡಿಗೆ ಯಾರದು?

ಅಳಿಯ: ತಡೀರಿ, ಇನ್ನೊಂದು ಸಲ ಫೋನ್ ಹಚ್ತೀನಿ.